ಕೊನ್ನಾರಿ ಹಿಡಿದ ಹಿತ್ತಲನ್ನು ಕಳೆನಾಶಕವಿಲ್ಲದೆ ಬಿಡಿಸಿಕೊಂಡ ಬಗೆ

ತಿಪಟೂರು ಸೀಮೆಯ ಕೆಂಪು ಮಣ್ಣು. ಮನೆಯ ಹಿಂದೆ 30 ಅಡಿ ಅಗಲ, 40 ಅಡಿ ಉದ್ದದ ತುಂಡು. ಒಂದು ಅಂಚಿಗೆ ತೆಂಗಿನ ಸಾಲು, ಇನ್ನೊಂದು ಅಂಚಿಗೆ ಊರ ರಸ್ತೆ. ಕೆಲವು ವರ್ಷ ಪಾಳು ಬಿದ್ದಿದ್ದ ಈ ಹಿತ್ತಲಲ್ಲಿ ಮತ್ತೆ ತರಕಾರಿ ಬೆಳೆಯಲು ಹೊರಟಾಗ ಅಲ್ಲಿ ನೆಲೆಯೂರಿದ್ದವರು ಇವರು: ನಡುಭಾಗದ ತುಂಬ ಕೊನ್ನಾರಿ ಎಂಬ ಗಡ್ಡೆ ಕಳೆ, ತೆಂಗಿನ ಕಡೆಯಿಂದ ಒಳನುಗ್ಗಿದ ಗರಿಕೆ, ರಸ್ತೆ ಬದಿಗೆ ಪಾರ್ಥೇನಿಯಂ ಮತ್ತು ಉತ್ತರಾಣಿ, ಒಂದು ಹದ ಮಳೆ ಬಿದ್ದರೆ ಎಲ್ಲೆಂದರಲ್ಲಿ ಗೋಣಿಸೊಪ್ಪು, ಅಣ್ಣೆಸೊಪ್ಪು. ಶಿವರಾತ್ರಿಯ ಹೊತ್ತಿಗೆ ಕೈ ಹಚ್ಚಿದ್ದು, ಮುಂಗಾರು ಬೆಳೆ ಕೈಗೆ ಬರುವವರೆಗೆ ಏನೇನು ಮಾಡಿದೆ, ಯಾಕೆ ಹಾಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೊನ್ನಾರಿ ಹಿಡಿದ ನೆಲ ಇರುವವರಿಗೆ ಉಪಯೋಗವಾಗಲಿ ಎಂಬುದೇ ಆಸೆ.

ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದರೆ ಕೊನ್ನಾರಿ ಒಣಗುತ್ತದೆ. ಎಲೆಯ ಮೂಲಕ ಗಡ್ಡೆಯವರೆಗೂ ಇಳಿಯುವ ಮದ್ದು ಅದು. ಆದರೆ ಇದೇ ನೆಲದಿಂದ ನಾವು ಬಸ್ಸಾರಿಗೆ ಬೆರಕೆ ಸೊಪ್ಪು ಕೊಯ್ಯುತ್ತೇವೆ, ಕಿತ್ತ ಹುಲ್ಲನ್ನು ಹಸುವಿಗೆ ಹಾಕುತ್ತೇವೆ, ಕೆಲವೇ ಮಾರು ಆಚೆಗೆ ಕುಡಿಯುವ ನೀರಿನ ಬಾವಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೂ ಕೀಟ ನಿಯಂತ್ರಣದ ಪರವಾನಗಿ ಇದ್ದವರ ಮೂಲಕವಲ್ಲದೆ ಬೇರೆ ಯಾರೂ ಅದನ್ನು ಬಳಸುವಂತಿಲ್ಲ ಎಂದು ಆದೇಶ ಹೊರಡಿಸಿತು. ಸೊಪ್ಪು ಕೊಯ್ಯುವ ನೆಲಕ್ಕೆ ಅದನ್ನು ತರುವ ಯೋಚನೆಯೇ ನನಗೆ ಬರಲಿಲ್ಲ.

ಮೊದಲು ಅಗೆದು ನೋಡಿದ್ದು

ಕಳೆ ಎಂದ ಕೂಡಲೇ ಕುಡುಗೋಲು ಹಿಡಿಯುವುದು ವಾಡಿಕೆ. ನಾನು ಮೊದಲು ಗುದ್ದಲಿ ಹಿಡಿದು ಅಲ್ಲಲ್ಲಿ ಒಂದಡಿ ಆಳದ ಗುಂಡಿ ತೆಗೆದೆ. ಪ್ರತಿಯೊಂದು ಕಳೆಯೂ ತನ್ನ ಬಂಡವಾಳವನ್ನು ಒಂದೊಂದು ಕಡೆ ಕೂಡಿಟ್ಟಿರುತ್ತದೆ. ಪಾರ್ಥೇನಿಯಂನದು ಬೀಜದಲ್ಲಿ, ಗರಿಕೆಯದು ಗೆಣ್ಣಿನಲ್ಲಿ, ಕೊನ್ನಾರಿಯದು ಗಡ್ಡೆಯಲ್ಲಿ. ಆ ಗಂಟಿಗೆ ಕೈ ಹಾಕದೆ ಮೇಲಿನ ಹಸಿರನ್ನು ಎಷ್ಟು ಸವರಿದರೂ ಮುಂದಿನ ಮಳೆಗೆ ಬಡ್ಡಿ ಸಮೇತ ಎದ್ದು ಬರುತ್ತದೆ. ಇಡೀ ಕೆಲಸವನ್ನು ಈ ಒಂದು ಲೆಕ್ಕದ ಮೇಲೆ ಹೂಡಿದೆ.

ಕೊನ್ನಾರಿಯನ್ನು ಜೇಕು ಎನ್ನುವವರೂ ಇದ್ದಾರೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಸಿಗುವುದು ಇದರ ಗಡ್ಡೆಯೇ. ಎಲೆ ಹಿಡಿದು ಎಳೆದರೆ ಕೈಗೆ ಬರುವುದು ಎಲೆ ಮತ್ತು ಬುಡದ ಸಣ್ಣ ಗಂಟು ಮಾತ್ರ. ಆ ಗಂಟಿನಿಂದ ತೆಳ್ಳನೆಯ ಬೇರುಕಾಂಡ ಹೊರಟು, ಕಡಲೆ ಗಾತ್ರದ ಕಪ್ಪು ಗಡ್ಡೆಯಾಗಿ, ಅಲ್ಲಿಂದ ಇನ್ನೊಂದು ಕಾಂಡ, ಇನ್ನೊಂದು ಗಡ್ಡೆ, ಹೀಗೆ ಸಾಲುಗಟ್ಟಿ ಸಾಗುತ್ತದೆ. ನನ್ನ ಗುಂಡಿಗಳಲ್ಲಿ ಬಹುಪಾಲು ಗಡ್ಡೆ ಮೇಲಿನ ಅರ್ಧ ಅಡಿಯೊಳಗೆ ಇದ್ದವು, ಉಳಿದವು ಅದಕ್ಕಿಂತ ಕೆಳಗೆ. ಸಾಲಿನ ತುದಿಯ ಗಡ್ಡೆ ಚುರುಕಾಗಿರುವವರೆಗೆ ಹಿಂದಿನವು ಮಲಗಿರುತ್ತವೆ. ಸಾಲು ಕಡಿದರೆ ಪ್ರತಿಯೊಂದೂ ತಾನೇ ತಾನಾಗಿ ಮೊಳೆಯುತ್ತದೆ. ಒಮ್ಮೆ ಉತ್ತು ಕೈಬಿಟ್ಟ ನೆಲದಲ್ಲಿ ಕೊನ್ನಾರಿ ಮೊದಲಿಗಿಂತ ದಟ್ಟವಾಗುವುದು ಇದರಿಂದಲೇ.

ಇದೇ ಗುಣವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಮಲಗಿದ್ದ ಗಡ್ಡೆಗಳನ್ನೆಲ್ಲ ಒಟ್ಟಿಗೆ ಎಬ್ಬಿಸಬೇಕು. ಎದ್ದ ಮೊಳಕೆ ಹೊಸ ಗಡ್ಡೆ ಕಟ್ಟುವ ಮೊದಲೇ ಕತ್ತರಿಸಬೇಕು. ಮತ್ತೆ ಚಿಗುರಿದರೆ ಮತ್ತೆ ಕತ್ತರಿಸಬೇಕು. ಮೊಳಕೆ ನೆಲ ಬಿಟ್ಟು ಮೂರು ವಾರದ ಸುಮಾರಿಗೆ ಹೊಸ ಗಡ್ಡೆ ಕಟ್ಟುವುದು ಶುರುವಾಗುತ್ತದೆ. ಎರಡು ವಾರಕ್ಕೊಮ್ಮೆ ಅಲಗು ಆಡಿಸಿದರೆ ಗಡ್ಡೆ ಖರ್ಚು ಮಾಡುತ್ತಲೇ ಇರಬೇಕು, ಗಳಿಸಲು ಆಗದು. ಅದಕ್ಕೆ ಇನ್ನೂ ಒಂದು ಬಲಹೀನತೆ ಇದೆ. ಮಣ್ಣಿನ ಒಳಗೆ ವರ್ಷಗಟ್ಟಲೆ ಜೀವ ಹಿಡಿದಿರುವ ಗಡ್ಡೆ, ಬಿಸಿಲಿಗೆ ಬಿದ್ದು ಒಳತೇವ ಆರಿದರೆ ಸಾಯುತ್ತದೆ.

ಹಾಗಾಗಿ ಮಣ್ಣು ಒಣಗಿರುವ ಫೆಬ್ರುವರಿ ಕೊನೆಯಲ್ಲೇ ನಾಲ್ಕು ಹಲ್ಲಿನ ಫೋರ್ಕಿನಿಂದ ನೆಲ ಬಿಡಿಸಿದೆ. ಟಿಲ್ಲರ್ ಕರೆಸಲಿಲ್ಲ. ಅದರ ತಿರುಗುವ ಅಲಗು ಗರಿಕೆಯನ್ನು ಗೆಣ್ಣು ಗೆಣ್ಣಾಗಿ ತುಂಡರಿಸಿ ಇಡೀ ಹಿತ್ತಲಿಗೆ ನಾಟಿ ಮಾಡಿಬಿಡುತ್ತದೆ. ಫೋರ್ಕ್ ಹಾಕಿ ಹೆಂಟೆ ಎತ್ತಿ ಬೋರಲು ಹಾಕಿದರೆ ಗರಿಕೆಯ ಬಳ್ಳಿ ಉದ್ದಕ್ಕೆ ಬರುತ್ತದೆ, ಗಡ್ಡೆಗಳು ಹೆಂಟೆಯ ಮೈಗೆ ಅಂಟಿಕೊಂಡು ಹೊರಬೀಳುತ್ತವೆ. ಹೆಂಟೆಗಳನ್ನು ಎರಡು ವಾರ ಹಾಗೇ ಬಿಸಿಲಿಗೆ ಬಿಟ್ಟೆ, ನಡುನಡುವೆ ಮಗುಚಿ ಹಾಕಿದೆ. ಆಮೇಲೆ ಕೊಡತಿಯಿಂದ ಒಡೆದು, ಹಲ್ಲಿರುವ ರೇಕಿನಲ್ಲಿ ಗಡ್ಡೆ, ಬಳ್ಳಿಗಳನ್ನು ಗುಡ್ಡೆ ಹಾಕಿದೆ. ಒಣಗಿದ್ದು ಖಾತ್ರಿಯಾಗುವವರೆಗೆ ಗುಡ್ಡೆಯನ್ನು ಕಲ್ಲು ಚಪ್ಪಡಿಯ ಮೇಲೆಯೇ ಹರವಿಟ್ಟೆ. ಹಸಿ ಗಡ್ಡೆ ತಿಪ್ಪೆಗೆ ಹೋದರೆ ಗೊಬ್ಬರದ ಜೊತೆ ಮತ್ತೆ ಮಡಿಗೇ ಬರುತ್ತದೆ.

ಶೀಟಿನ ಅಡಿಯಲ್ಲಿ

ಮುಂದಿನದು ಮಣ್ಣಿಗೆ ಬಿಸಿಲಿನ ಕಾವು ಹಿಡಿಸುವ ಕೆಲಸ. ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ಇದನ್ನು ಮಣ್ಣಿನ ಸೌರೀಕರಣ ಎನ್ನುತ್ತಾರೆ. ಮಣ್ಣಿನ ರೋಗಾಣುಗಳನ್ನು ಕೊಲ್ಲಲೆಂದು ಇಸ್ರೇಲಿನ ಜಾಕೋಬ್ ಕಟಾನ್ ಮತ್ತು ಅವರ ಜೊತೆಗಾರರು 1976ರಲ್ಲಿ ಪ್ರಕಟಿಸಿದ ವಿಧಾನ ಇದು. ಒದ್ದೆ ಮಣ್ಣಿನ ಮೇಲೆ ತೆಳುವಾದ ಪಾರದರ್ಶಕ ಪಾಲಿಥೀನ್ ಹಾಸಿ ಅಂಚು ಮುಚ್ಚುವುದು, ನಾಲ್ಕರಿಂದ ಆರು ವಾರ ಬಿಡುವುದು. ಕೆಲಸ ಇಷ್ಟೇ, ಆದರೆ ಪ್ರತಿ ಹಂತಕ್ಕೂ ಕಾರಣವಿದೆ.

ಕಾಲ ಮೊದಲು. ಉತ್ತರ ಭಾರತದ ಲೆಕ್ಕದಲ್ಲಿ ಇದು ಮೇ, ಜೂನ್ ತಿಂಗಳ ಕೆಲಸ. ನಮ್ಮಲ್ಲಿ ಅಷ್ಟು ಕಾಯುವಂತಿಲ್ಲ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ, ಕೊನೆಗೆ ಭರಣಿ. ‘ಭರಣಿ ಮಳೆ ಧರಣಿ ಬೆಳೆ’ ಎಂದು ಹಿರಿಯರು ಕಾಯುವ ಮಳೆಯೇ ಶೀಟಿನ ಮೇಲೆ ಮೋಡ ಕವಿಸುತ್ತದೆ. ತುಮಕೂರು, ಹಾಸನ, ಮೈಸೂರು ಕಡೆಗೆ ಮಾರ್ಚ್ ಮೊದಲ ವಾರದಿಂದ ಏಪ್ರಿಲ್ ಮಧ್ಯದವರೆಗಿನ ತೆರೆದ ಆಕಾಶವೇ ಸರಿಯಾದ ಹೊತ್ತು.

ಮಣ್ಣನ್ನು ಸಮ ಮಾಡಿ, ಕಲ್ಲು, ಕಡ್ಡಿ ಆರಿಸಿ, ಒಂದಡಿ ಆಳದವರೆಗೆ ನೆನೆಯುವಂತೆ ನೀರು ಬಿಟ್ಟೆ. ಒಣ ಮಣ್ಣಿನಲ್ಲಿ ಕಾವು ಕೆಳಗಿಳಿಯುವುದಿಲ್ಲ, ಒಣ ಬೀಜ ಕಾವನ್ನು ತಡೆದುಕೊಳ್ಳುತ್ತದೆ. ನೀರು ಕುಡಿದು ಉಬ್ಬಿದ ಬೀಜ ಅಷ್ಟೇ ಕಾವಿಗೆ ಬೆಂದುಹೋಗುತ್ತದೆ. ಸುತ್ತ ಅರ್ಧ ಅಡಿ ಆಳದ ಕಾಲುವೆ ತೋಡಿ ಶೀಟಿನ ಅಂಚನ್ನು ಅದರೊಳಗೆ ಇಳಿಸಿ ಮಣ್ಣು ತುಂಬಿ ತುಳಿದೆ. ಶೀಟು ನೆಲಕ್ಕೆ ಆದಷ್ಟೂ ಅಂಟಿಕೊಂಡಿರಬೇಕು, ಗಾಳಿ ಒಳಹೊಕ್ಕರೆ ಕಾವು ಹೊರಟುಹೋಗುತ್ತದೆ. ಅಂಗಡಿಯಲ್ಲಿ ಶೀಟನ್ನು ಗೇಜ್ ಲೆಕ್ಕದಲ್ಲಿ ಮಾರುತ್ತಾರೆ. 100 ಗೇಜ್ ಎಂದರೆ ಸುಮಾರು 25 ಮೈಕ್ರಾನ್. ತೆಳ್ಳಗಿದ್ದಷ್ಟು ಕಾವು ಚೆನ್ನಾಗಿ ಹಿಡಿಯುತ್ತದೆ, ಆದರೆ ನಾಯಿ, ಕೋಳಿ ಓಡಾಡುವ ಹಿತ್ತಲಲ್ಲಿ ಹರಿದುಹೋಗುತ್ತದೆ. 200 ಗೇಜಿನದು ತಂದೆ. ಮಡಚಿ ನೆರಳಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.

ಕಪ್ಪು ಶೀಟಲ್ಲವೇ ಕಳೆಗೆ ಒಳ್ಳೆಯದು ಎಂದು ಅಂಗಡಿಯವರೂ ಕೇಳಿದರು, ನೆಂಟರೂ ಕೇಳಿದರು. ಬೇರೆ ಕಳೆಗಳಿಗೆ ಸರಿ, ಕೊನ್ನಾರಿಗೆ ಅಲ್ಲ. ಅದರ ಮೊಳಕೆಯ ತುದಿ ಬೆಳಕು ಕಾಣುವವರೆಗೆ ಬಿಗಿಯಾಗಿ ಸುತ್ತಿಕೊಂಡು ಸೂಜಿಯಷ್ಟು ಚೂಪಾಗಿರುತ್ತದೆ. ಕಪ್ಪು ಶೀಟಿನ ಕೆಳಗೆ ಕತ್ತಲೆಯಿರುವುದರಿಂದ ಆ ಚೂಪಿನಲ್ಲೇ ಮೇಲೆ ಬಂದು ಪ್ಲಾಸ್ಟಿಕ್ಕನ್ನು ಚುಚ್ಚಿ ಹೊರಬರುತ್ತದೆ. ಪಾರದರ್ಶಕ ಶೀಟಿನ ಕೆಳಗೆ ಮಣ್ಣು ದಾಟಿದೊಡನೆ ಬೆಳಕು ಸಿಗುತ್ತದೆ, ಎಲೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಲೆಗೆ ಚುಚ್ಚುವ ಬಲವಿಲ್ಲ. ಶೀಟಿನ ಅಡಿಯ ಬೇಗೆಗೆ ಸುಟ್ಟು ಕೂರುತ್ತದೆ. ಕೊನ್ನಾರಿ ಇರುವ ಕಡೆ ಪಾರದರ್ಶಕ ಶೀಟನ್ನೇ ಹಾಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಡುಗೆಮನೆಯ ಕಡ್ಡಿ ಥರ್ಮಾಮೀಟರನ್ನು ಮಧ್ಯಾಹ್ನದ ಹೊತ್ತು ಚುಚ್ಚಿ ನೋಡುತ್ತಿದ್ದೆ. ಶೀಟಿನ ಅಡಿ ಎರಡು ಇಂಚು ಆಳದಲ್ಲಿ 50 ಡಿಗ್ರಿ ದಾಟುತ್ತಿತ್ತು, ಪಕ್ಕದ ಬಯಲು ಮಣ್ಣಿನಲ್ಲಿ ಅದೇ ಆಳಕ್ಕೆ 40ರ ಆಸುಪಾಸು. ಆರು ಇಂಚು ಕೆಳಗೆ ಹೋದರೆ ಶೀಟಿನ ಅಡಿಯೂ 40ಕ್ಕೆ ಇಳಿದಿರುತ್ತಿತ್ತು. ಈ ಎರಡು ಅಂಕಿಗಳೇ ಸಾಕು, ಸೌರೀಕರಣದಿಂದ ಏನು ನಿರೀಕ್ಷಿಸಬಹುದು, ಏನು ಕೂಡದು ಎಂದು ತಿಳಿಯಲು. ಮೇಲಿನ ಪದರದ ಸಣ್ಣ ಬೀಜಗಳು ಸಾಯುತ್ತವೆ, ಮೇಲುಗಡೆಯ ಗಡ್ಡೆಗಳು ಬೇಯುತ್ತವೆ, ಗರಿಕೆಯ ಉಳಿದ ಗೆಣ್ಣುಗಳೂ ಸಾಯುತ್ತವೆ. ಆಳದ ಗಡ್ಡೆ ಸಾಯುವುದಿಲ್ಲ. ಹಗಲಿನ ಕಾವು, ರಾತ್ರಿಯ ತಂಪು ಎಂಬ ಏರಿಳಿತ ಅವನ್ನು ಎಬ್ಬಿಸುತ್ತದೆ. ಎದ್ದರೆ ಒಳ್ಳೆಯದೇ. ಎದ್ದವನ್ನು ಕತ್ತರಿಸಲು ಆ ವೇಳೆಗೆ ತಳ್ಳಿ ಕಳೆ ಹೆರೆಯುವ ಕುಂಟೆ ಸಿದ್ಧವಾಗುತ್ತಿತ್ತು.

ಶೀಟು ತೆಗೆದ ಮೇಲೆ ನೆಲವನ್ನು ಮತ್ತೆ ಆಳವಾಗಿ ಅಗೆಯಬಾರದು. ಬೆಂದಿರುವುದು ಮೇಲಿನ ಕೆಲವೇ ಇಂಚು. ಅಡಿಮೇಲು ಮಾಡಿದರೆ ಕೆಳಗಿನ ಜೀವಂತ ಬೀಜ ಮೇಲೆ ಬಂದು ಅಷ್ಟು ದಿನದ ಬಿಸಿಲು ದಂಡವಾಗುತ್ತದೆ.

ತಳ್ಳು ಕುಂಟೆ ಕಟ್ಟಿದ್ದು

ಎರಡು ವಾರಕ್ಕೊಮ್ಮೆ ಇಷ್ಟು ನೆಲವನ್ನು ಕುಕ್ಕರಗಾಲಿನಲ್ಲಿ ಕೂತು ಕುರ್ಚಿಗೆಯಿಂದ ಹೆರೆಯುವುದು ಸೊಂಟಕ್ಕೆ ಆಗುವ ಮಾತಲ್ಲ. ಆಗದ ಕೆಲಸ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದರೆ ಗಡ್ಡೆ ಕಟ್ಟಿಬಿಡುತ್ತದೆ. ನಿಂತು ನಡೆಯುತ್ತಾ ಮಾಡುವ ಹಾಗಿದ್ದರೆ ಮಾತ್ರ ಈ ವಿಧಾನ ನಡೆಯುವುದು. ಎತ್ತಿನ ಎಡೆಕುಂಟೆ ತಿರುಗಲು ಹಿತ್ತಲಲ್ಲಿ ಜಾಗವಿಲ್ಲ. ಉತ್ತರ ಕರ್ನಾಟಕದ ರೈತರು ಹಳೆ ಸೈಕಲ್ಲಿನ ಮುಂಭಾಗಕ್ಕೆ ಕುಂಟೆ ಜೋಡಿಸಿ ತಳ್ಳುವ ಸೈಕಲ್ ಕುಂಟೆ ಬಳಸುತ್ತಾರೆ. ಅದು ಉದ್ದ ಸಾಲಿಗೆ ಬಹಳ ಚೆನ್ನ. ಹತ್ತು ಹೆಜ್ಜೆಗೊಮ್ಮೆ ತಿರುಗಿಸಬೇಕಾದ ತರಕಾರಿ ಮಡಿಗೆ ಚಿಕ್ಕ ಚಕ್ರ ವಾಸಿ. ಚಕ್ರದ ಅಚ್ಚು ನೆಲಕ್ಕೆ ಹತ್ತಿರವಿದ್ದಷ್ಟು ತಳ್ಳಿದ ಬಲ ನೇರವಾಗಿ ಅಲಗಿಗೆ ಹೋಗುತ್ತದೆ.

ಗುಜರಿಯಿಂದ ತಂದದ್ದು: ಮಕ್ಕಳ ಸೈಕಲ್ಲಿನ 12 ಇಂಚಿನ ಚಕ್ರ, ಗಟ್ಟಿ ರಬ್ಬರಿನದು, ಫೋರ್ಕ್ ಸಮೇತ, ದೊಡ್ಡ ಸೈಕಲ್ಲಿನ ಒಂದು ಹ್ಯಾಂಡಲ್, 16 ಗೇಜಿನ ಒಂದು ಇಂಚಿನ ಚೌಕ ಪೈಪು (ಈ ಗೇಜ್ ಕಬ್ಬಿಣದ ದಪ್ಪದ ಲೆಕ್ಕ, ಶೀಟಿನದಲ್ಲ), 25 ಮಿಲಿಮೀಟರ್ ಅಗಲ 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ, 10 ಮಿಲಿಮೀಟರ್ ಬೋಲ್ಟುಗಳು, ಸಡಿಲವಾಗದ ನೈಲಾನ್ ನಟ್ಟುಗಳು. ಅಲಗಿಗೆ ಸಾಮಿಲ್ಲಿನಲ್ಲಿ ಬಿಸಾಡಿದ್ದ ಪಟ್ಟಿಗರಗಸದ ತುಂಡು. ಅದು ಒಳ್ಳೆಯ ಉಕ್ಕು, ತೆಳ್ಳಗಿದ್ದರೂ ಬಾಗದು, ಅಂಚು ಬಹಳ ದಿನ ನಿಲ್ಲುತ್ತದೆ.

ಸೈಕಲ್ಲಿನ ಫೋರ್ಕನ್ನು ನೆಲಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಮಲಗಿಸಿ, ಅದರ ನೆತ್ತಿಗೆ ಒಂದೂವರೆ ಅಡಿ ಚೌಕ ಪೈಪನ್ನು ವೆಲ್ಡ್ ಮಾಡಿಸಿದೆ. ಇದೇ ಕುಂಟೆಯ ಬೆನ್ನು. ಬೆನ್ನಿನ ಹಿಂತುದಿಯಿಂದ ಎರಡು ಪೈಪು ಓರೆಯಾಗಿ ಮೇಲೆದ್ದು ಹ್ಯಾಂಡಲಿಗೆ ಸೇರುತ್ತವೆ. ಅವಕ್ಕೆ ಒಂದೊಂದು ಇಂಚು ಅಂತರದಲ್ಲಿ ತೂತು ಕೊರೆಸಿದ್ದರಿಂದ ಹಿಡಿಯನ್ನು ಎತ್ತರಿಸಬಹುದು, ತಗ್ಗಿಸಬಹುದು. ನನಗೆ ಸೊಂಟದ ಮಟ್ಟ ಸರಿ, ಮನೆಯಲ್ಲಿ ಕುಳ್ಳಗಿರುವವರು ತಳ್ಳುವಾಗ ಎರಡು ತೂತು ಕೆಳಗೆ. ಚಕ್ರದ ಅಚ್ಚಿನಿಂದ ಒಂದಡಿ ಹಿಂದೆ, ಬೆನ್ನಿನಿಂದ ಕೆಳಕ್ಕೆ ಅಲಗಿನ ಕಾಲು ಇಳಿಯುತ್ತದೆ. ಅದನ್ನು ಯು ಬೋಲ್ಟಿನಲ್ಲಿ ಹಿಡಿಸಿದ್ದೇನೆ, ಆಳ ಬದಲಿಸಲು ಸ್ಪ್ಯಾನರ್ ಒಂದೇ ಸಾಕು.

ಅಲಗಿನ ಕೆಲಸ ಕುಲುಮೆಯಲ್ಲಿ ನಡೆಯಿತು. ಗರಗಸದ ತುಂಡಿನಿಂದ ಒಂದೂಕಾಲು ಇಂಚು ಅಗಲದ ಪಟ್ಟಿ ಕತ್ತರಿಸಿ, ಹಲ್ಲುಗಳನ್ನು ಗ್ರೈಂಡರಿನಲ್ಲಿ ಸವರಿ ತೆಗೆದೆವು. ಆರು ಇಂಚು ಅಗಲ ಬಿಟ್ಟು ಎರಡು ತುದಿಗಳನ್ನು ಮೇಲಕ್ಕೆ ಮಡಚಬೇಕು. ತಣ್ಣಗೆ ಮಡಚಿದರೆ ಈ ಉಕ್ಕು ಸೀಳುತ್ತದೆ. ನಡುಭಾಗಕ್ಕೆ ಒದ್ದೆ ಗೋಣಿಚೀಲ ಸುತ್ತಿ, ತುದಿಗಳನ್ನು ಮಾತ್ರ ಕೆಂಪಗೆ ಕಾಯಿಸಿ ಮಡಚಿ, ಬೂದಿಯೊಳಗೆ ನಿಧಾನಕ್ಕೆ ಆರಲು ಬಿಟ್ಟರು ಕುಲುಮೆಯವರು. ಹಾಗೆ ಮಾಡಿದರೆ ಕತ್ತರಿಸುವ ನಡುಭಾಗದ ಗಡಸು ಉಳಿಯುತ್ತದೆ, ತುದಿಗಳು ಮೆತ್ತಗಾಗಿ ತೂತು ಕೊರೆಯಲು ಬರುತ್ತದೆ. ಮುಂದಿನ, ಹಿಂದಿನ ಎರಡು ಅಂಚಿಗೂ ಅರದಲ್ಲಿ ಓರೆ ಹಿಡಿದೆ.

ಈ ಅಲಗನ್ನು ಕಾಲಿಗೆ ಬಿಗಿಯಾಗಿ ಬೆಸೆಯಬಾರದು, ಬೋಲ್ಟಿನ ಮೇಲೆ ತೂಗುವಂತೆ ಜೋಡಿಸಬೇಕು. ಕುಂಟೆಯ ಜೀವ ಇರುವುದು ಇಲ್ಲೇ. ಮುಂದಕ್ಕೆ ತಳ್ಳಿದಾಗ ಅಲಗು ಹಿಂದಕ್ಕೆ ವಾಲಿ ಮುಂದಿನ ಅಂಚು ಮಣ್ಣು ಹಿಡಿಯುತ್ತದೆ. ಹಿಂದಕ್ಕೆ ಎಳೆದಾಗ ಅತ್ತ ವಾಲಿ ಹಿಂದಿನ ಅಂಚು ಕಚ್ಚುತ್ತದೆ. ಹೋಗುವಾಗಲೂ ಕತ್ತರಿ, ಬರುವಾಗಲೂ ಕತ್ತರಿ. ತೂಗಾಟಕ್ಕೆ ಮಿತಿ ಬೇಕು, ಇಲ್ಲದಿದ್ದರೆ ಮೆತ್ತನೆ ಮಣ್ಣಿನಲ್ಲಿ ಅಲಗು ಮುಳುಗುತ್ತದೆ. ಕಾಲಿಗೆ ಇನ್ನೊಂದು ಅಡ್ಡ ಬೋಲ್ಟ್ ಹಾಕಿ ಎರಡೂ ಕಡೆಗೆ ಸುಮಾರು 15 ಡಿಗ್ರಿಗಿಂತ ಹೆಚ್ಚು ವಾಲದಂತೆ ತಡೆದ ಮೇಲೆ ಕುಂಟೆ ಹದಕ್ಕೆ ಬಂತು. ಅಲಗು ನೆಲದಡಿ ಅರ್ಧದಿಂದ ಒಂದು ಇಂಚು ಮಾತ್ರ ಹರಿಯಬೇಕು. ಅದಕ್ಕಿಂತ ಆಳ ಹೋದರೆ ಬೆಳೆಯ ಬೇರಿಗೂ ಪೆಟ್ಟು, ಕೆಳಗಿನ ಬೀಜಕ್ಕೂ ಬೆಳಕು.

ಸಾಮಾನು, ವೆಲ್ಡಿಂಗ್, ಕುಲುಮೆಯ ಕೂಲಿ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಒಳಗೆ ಮುಗಿಯಿತು. ನನ್ನ ಮಟ್ಟಿಗೆ ಈ ಹಿತ್ತಲಿಗೆ ಹಾಕಿದ ದುಡ್ಡಿನಲ್ಲಿ ಇದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಬಿತ್ತುವ ಮೊದಲು, ಬಿತ್ತಿದ ಮೇಲೆ

ಭರಣಿ, ಕೃತ್ತಿಕೆ ಮಳೆಗೆ ನೆಲ ನೆನೆದಾಗ ಏನನ್ನೂ ಬಿತ್ತಲಿಲ್ಲ. ಮಡಿ ಮಾಡಿ, ಗೊಬ್ಬರ ಹರಡಿ, ಬಿತ್ತನೆಗೆ ಸಿದ್ಧವಿರುವ ನೆಲವನ್ನು ಖಾಲಿ ಬಿಟ್ಟೆ. ತಿಪ್ಪೆ ಗೊಬ್ಬರದಲ್ಲಿ ಬಂದ ಬೀಜ, ಗಾಳಿಗೆ ಬಂದ ಬೀಜ, ಆಳದ ಕೊನ್ನಾರಿ ಎಲ್ಲವೂ ಬೆಳೆ ಬಂತೆಂದು ಎದ್ದವು. ಬಿಸಿಲು ಬಿದ್ದ ದಿನ ನೋಡಿ ಕುಂಟೆ ಹಾಯಿಸಿದೆ. ಮತ್ತೆ ಮಳೆ, ಮತ್ತೆ ಮೊಳಕೆ, ಮತ್ತೆ ಕುಂಟೆ. ರೋಹಿಣಿಗೆ ಬಿತ್ತುವ ಹೊತ್ತಿಗೆ ಮೇಲಿನ ಇಂಚಿನ ಬೀಜದ ಕಣಜ ಅರ್ಧಕ್ಕರ್ಧ ಖಾಲಿಯಾದಂತೆ ಕಂಡಿತು.

ಮೊಳಕೆ ಬಿಳಿ ದಾರದಷ್ಟಿರುವಾಗಲೇ ಹಾಯಿಸುವುದು ಲೇಸು. ಹಸಿರು ಕಂಡ ಮೇಲೆ ಹಾಯಿಸಿದರೂ ಸಾಯುತ್ತವೆ, ಆದರೆ ಎರಡು ಪಟ್ಟು ಕೆಲಸ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಬಿಸಿಲು ಏರುವ ಮುಂಚೆ ಕುಂಟೆ ಹೊಡೆದರೆ ಬುಡ ಕಡಿದ ಸಸಿ ಸಂಜೆಗೆ ಗರಗರ. ಗೋಣಿಸೊಪ್ಪು ಮಾತ್ರ ಹಾಗಲ್ಲ. ದಪ್ಪ ಕಾಂಡದಲ್ಲಿ ನೀರು ತುಂಬಿಕೊಂಡಿರುವ ಈ ಗಿಡ ಕಿತ್ತು ಬಿಸಾಡಿದ ಜಾಗದಲ್ಲೇ ಬೇರು ಬಿಡುತ್ತದೆ, ಬೇರಿಲ್ಲದೆಯೂ ಕಾಯಿ ಬಲಿಸಿ ಬೀಜ ಉದುರಿಸುತ್ತದೆ. ಅದನ್ನು ಬುಟ್ಟಿಗೆ ಆರಿಸಿಕೊಂಡು ಒಳಗೆ ತರಲೇಬೇಕು. ಅದರ ಜೊತೆ ಎಳೆ ಅಣ್ಣೆಸೊಪ್ಪು, ಗಣಿಕೆ ಸೊಪ್ಪು, ಕಿರಕಸಾಲೆ ಸೇರಿದರೆ ಒಂದು ಹೊತ್ತಿನ ಮಸ್ಸೊಪ್ಪಿಗೆ ಸಾಕು. ಮಂಡಿನೋವಿನ ನಡುವೆಯೂ ಈ ಆರಿಸುವ ಕೆಲಸಕ್ಕೆ ಅಮ್ಮ ತಾವಾಗಿ ಬರುತ್ತಿದ್ದರು. ಯಾವ ಎಲೆ ಸಾರಿಗೆ, ಯಾವುದು ಹಸುವಿಗೆ ಎಂದು ಅವರ ಬೆರಳಿಗೆ ಗೊತ್ತು. ಮದ್ದು ಹೊಡೆದ ನೆಲದಲ್ಲಿ ಈ ಬುಟ್ಟಿಯೇ ಇರುವುದಿಲ್ಲ.

ಕೊನ್ನಾರಿ ಅತಿ ದಟ್ಟವಾಗಿದ್ದ ನಡುಭಾಗಕ್ಕೆ ತರಕಾರಿ ಹಾಕಲಿಲ್ಲ, ಅಲಸಂದೆಯನ್ನು ಒತ್ತಾಗಿ ಚೆಲ್ಲಿದೆ. ಕೊನ್ನಾರಿಗೆ ನೆರಳು ಆಗದು. ಬಿಸಿಲಿದ್ದರೆ ಎಷ್ಟು ಬೇಗ ಬೆಳೆಯುತ್ತದೋ ನೆರಳಿನಲ್ಲಿ ಅಷ್ಟೇ ಬೇಗ ಸೊರಗುತ್ತದೆ. ಅಲಸಂದೆ ನೆಲ ಮುಚ್ಚುವವರೆಗಿನ ಮೊದಲ ವಾರಗಳಲ್ಲಿ ಕೈಯಿಂದ ಕತ್ತರಿಸಿ ಕಾಪಾಡಬೇಕು, ಆಮೇಲೆ ಎಲೆಯೇ ಕಾವಲು. ಸೆಣಬು ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸುವುದೂ ಇದೇ ಕೆಲಸ ಮಾಡುತ್ತದೆ, ಮನೆಗೆ ಕಾಳು ಬೇಕಿದ್ದರಿಂದ ನಾನು ಅಲಸಂದೆ ಆರಿಸಿಕೊಂಡೆ. ಗೆಣಸಿನ ಬಳ್ಳಿಯೂ ನೆಲ ಮುಚ್ಚುತ್ತದೆ ನಿಜ, ಆದರೆ ಆ ಚೂಪು ಮೊಳಕೆ ಗಡ್ಡೆ ತರಕಾರಿಯನ್ನೂ ತೂರಿಕೊಂಡು ಹೋಗುತ್ತದೆ. ಕೊನ್ನಾರಿ ಇರುವ ನೆಲಕ್ಕೆ ಗೆಣಸು, ಆಲೂಗಡ್ಡೆ ಬೇಡ.

ಉಳಿದ ಜಾಗಕ್ಕೆ ಬೆಂಡೆ, ಬದನೆ, ಮೆಣಸಿನಕಾಯಿ. ಸಾಲಿನ ನಡುವೆ ಒಂದಡಿಗಿಂತ ಕಡಿಮೆ ಬಿಡಲಿಲ್ಲ, ಆರು ಇಂಚಿನ ಅಲಗು ಸಲೀಸಾಗಿ ಓಡಾಡಬೇಕಲ್ಲ. ಮಳೆ ಕೈಕೊಟ್ಟಾಗ ಹನಿ ಪೈಪಿನಲ್ಲಿ ಗಿಡದ ಬುಡಕ್ಕೆ ಮಾತ್ರ ನೀರು. ಕಾಲುವೆಯಲ್ಲಿ ಹರಿಸಿದರೆ ನಡುವಿನ ಕಳೆಗೂ ಊಟ ಬಡಿಸಿದಂತಾಗುತ್ತದೆ. ಗಿಡ ಮೊಣಕಾಲೆತ್ತರ ಬಂದ ಮೇಲೆ ಬುಡಕ್ಕೆ ಒಣ ತರಗು, ಭತ್ತದ ಹುಲ್ಲು ಮೂರು ನಾಲ್ಕು ಇಂಚು ಹೊದಿಸಿದೆ. ರಾಗಿ ಹುಲ್ಲನ್ನು ಮುಚ್ಚಿಗೆಗೆ ಹಾಕಲು ಮನಸ್ಸು ಬರುವುದಿಲ್ಲ, ಅದು ಹಸುವಿನ ಪಾಲು.

ಅಂಚು, ತೆಂಗಿನ ಬುಡ, ಹಾಸುಗಲ್ಲು

ಗರಿಕೆ ಒಳಗೆ ಸತ್ತರೂ ಹೊರಗಿನಿಂದ ಬರುತ್ತದೆ. ತೆಂಗಿನ ಸಾಲಿಗೂ ಮಡಿಗೂ ನಡುವೆ ಮುಕ್ಕಾಲು ಅಡಿ ಆಳದ ಕಿರುಕಾಲುವೆ ತೋಡಿ, ಅದರ ಒಳ ಅಂಚಿಗೆ ಮಜ್ಜಿಗೆಹುಲ್ಲನ್ನು ಒತ್ತೊತ್ತಾಗಿ ನೆಟ್ಟೆ. ಕಾಲುವೆಯ ಬಾಯಿಗೆ ಬಂದ ಗರಿಕೆ ಬಳ್ಳಿ ಗಾಳಿಯಲ್ಲಿ ನೇತಾಡುತ್ತದೆ, ಕಣ್ಣಿಗೆ ಬೀಳುತ್ತದೆ, ಕುಡುಗೋಲಿಗೆ ಸಿಗುತ್ತದೆ. ಮಜ್ಜಿಗೆಹುಲ್ಲಿನ ಬುಡ ವರ್ಷ ತುಂಬುವುದರೊಳಗೆ ಬೆಸೆದುಕೊಂಡು ಸಂದು ಬಿಡುವುದಿಲ್ಲ. ಹೊರಗಿನ ಗರಿಕೆಯನ್ನು ಹಾಗೇ ಉಳಿಸಿದ್ದೇನೆ. ಗಣಪತಿಗೂ ಬೇಕು, ಹಸುವಿಗೂ ಬೇಕು, ಬದುವಿನ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯಲೂ ಬೇಕು.

ತೆಂಗಿನ ಬುಡದ ಪಾತಿಗೆ ತೆಂಗಿನಕಾಯಿಯ ಮಟ್ಟೆಯೇ ಮದ್ದು. ಉಬ್ಬು ಮೇಲಾಗಿ ಒತ್ತಾಗಿ ಜೋಡಿಸಿ, ಮೇಲೆ ಒಣ ಗರಿ ಹಾಸಿದರೆ ಕಳೆಗೆ ಬೆಳಕಿಲ್ಲ, ಮಣ್ಣಿಗೆ ತೇವವುಂಟು. ತೇವ ಹಿಡಿಯಲೆಂದು ಮಟ್ಟೆ ಹೂಳುವಾಗ ಹೊಟ್ಟೆ ಮೇಲಾಗಿ ಇಡುತ್ತಾರೆ, ಮುಚ್ಚಿಗೆಗೆ ತಿರುವುಮುರುವು. ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸುವ ಪದ್ಧತಿ ಬೇರೆ ಕಡೆ ಚೆನ್ನಾಗಿ ನಡೆಯಬಹುದು. ನಮ್ಮ ಕೆಂಪು ಮಣ್ಣಿನ ಗೆದ್ದಲಿಗೆ ರಟ್ಟು ಬೇಸಿಗೆಯೊಳಗೆ ಖಾಲಿ, ಹಾಗಾಗಿ ಅದನ್ನು ಮಳೆಗಾಲದಲ್ಲಿ ಕಾಲುದಾರಿಗೆ ಮಾತ್ರ, ತರಗಿನ ಅಡಿಗೆ ಹಾಸುತ್ತೇನೆ.

ಹಾಸುಗಲ್ಲಿನ ಸಂದುಗಳಿಗೆ ಬಚ್ಚಲ ಹಂಡೆಯ ಕುದಿನೀರು. ಎಳೆ ಕಳೆಗೆ ಒಂದು ತಂಬಿಗೆ ಸಾಕು, ಬಲಿತದ್ದಕ್ಕೆ ಮತ್ತೆ ಮತ್ತೆ ಬೇಕು. ವಿನೆಗರ್, ಉಪ್ಪು, ಸೋಪು ಬೆರೆಸಿ ಹೊಡೆಯಿರಿ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಸಲಹೆಯನ್ನು ದಯವಿಟ್ಟು ಮಡಿಯ ಹತ್ತಿರ ತರಬೇಡಿ. ಮನೆಯ ವಿನೆಗರ್ ಎಳೆ ಎಲೆಯನ್ನು ಸುಡುತ್ತದೆ, ಗಡ್ಡೆಗೆ ಏನೂ ಆಗದು. ಉಪ್ಪು ಮಣ್ಣಿನಲ್ಲೇ ಉಳಿದು ಮುಂದಿನ ಬೆಳೆಯ ಬೇರಿಗೆ ನೀರು ಸಿಗದಂತೆ ಮಾಡುತ್ತದೆ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಅದು ತೊಳೆದು ಹೋಗಲು ಎಷ್ಟೋ ವರ್ಷ ಬೇಕು.

ರಸ್ತೆ ಬದಿಯ ಪಾರ್ಥೇನಿಯಂ

ಇಲ್ಲಿ ಬಂಡವಾಳ ಬೀಜ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಗಿಡ ದೇಶ ತುಂಬಿದ್ದು ಹೀಗೆ. ಹೂ ಬರುವ ಮೊದಲು, ಮಳೆ ಬಂದ ಮಾರನೆಯ ದಿನ, ಕೈಗೆ ಗವಸು, ತೋಳು ಮುಚ್ಚುವ ಅಂಗಿ ತೊಟ್ಟು ಬೇರುಸಹಿತ ಕಿತ್ತರೆ ಕೆಲಸ ಸುಲಭ. ಗವಸು ಬಿಡಬೇಡಿ. ಇದರ ರಸ ತಾಗಿ ಮೈ ಕಡಿತ, ಚರ್ಮ ಒಡೆಯುವುದು ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಹೂ ಬಾರದ ಗಿಡ ಗೊಬ್ಬರದ ಗುಂಡಿಗೆ ಹೋಗಬಹುದು, ಹೂ ಬಂದದ್ದು ಬೇಡ.

ಎಲೆಗಳ ಮೇಲೆ ಬಿಳಿಹಳದಿ ಬೆನ್ನಿಗೆ ಕಂದು ಗೆರೆಯಿರುವ ಪುಟ್ಟ ದುಂಬಿ ಕಂಡರೆ ಮುಟ್ಟಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಝೈಗೋಗ್ರಾಮಾ ದುಂಬಿ ಅದು, ಪಾರ್ಥೇನಿಯಂ ಎಲೆಯೇ ಅದರ ಊಟ. ಮುಂಗಾರಿನಲ್ಲಿ ನಮ್ಮ ರಸ್ತೆ ಬದಿಯಲ್ಲೂ ಕಾಣಿಸಿಕೊಂಡು ಗಿಡಗಳನ್ನು ಬರೀ ದಂಟು ಮಾಡಿತು. ದುಂಬಿ ದಟ್ಟವಾಗಿದ್ದ ಕಡೆ ಕೀಳದೆ ಬಿಟ್ಟೆ. ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಮತ್ತೆ ಅದೇ ಬರುತ್ತದೆ, ಅದಕ್ಕೆ ತಗಚೆ ಬೀಜ ಚೆಲ್ಲಿದೆ. ತಗಚೆ ಒತ್ತಾಗಿ ಎದ್ದು ಪಾರ್ಥೇನಿಯಂ ಸಸಿಗೆ ಜಾಗ ಕೊಡುವುದಿಲ್ಲ, ಎಳೆಯದಿದ್ದಾಗ ಪಲ್ಯಕ್ಕೂ ಆಗುತ್ತದೆ.

ಈಗಿನ ಸ್ಥಿತಿ

ಅಲಸಂದೆ ಕಿತ್ತ ಮೇಲೆ ನಡುಭಾಗದಲ್ಲಿ ಮತ್ತೆ ಅಲ್ಲಲ್ಲಿ ಗುಂಡಿ ತೆಗೆದು ನೋಡಿದೆ. ಮೊದಲು ಒಂದು ಸನಿಕೆ ಮಣ್ಣಿಗೆ ಬೊಗಸೆ ಗಡ್ಡೆ ಸಿಗುತ್ತಿದ್ದ ಕಡೆ ಈಗ ಹುಡುಕಿದರೆ ಒಂದೆರಡು, ಅದರಲ್ಲೂ ಕೆಲವು ಹಿಸುಕಿದರೆ ಪೊಳ್ಳು. ಗಟ್ಟಿ ಗಡ್ಡೆ ಉಳಿದಿರುವುದು ನೀರಿನ ನಲ್ಲಿಯ ಹತ್ತಿರದ ಮೂಲೆಯಲ್ಲಿ. ಸದಾ ತೇವವಿರುವ ಆ ಜಾಗಕ್ಕೆ ನಲ್ಲಿಯ ಕಟ್ಟೆ ಅಡ್ಡ ಬಂದು ಕುಂಟೆ ಹೋಗುತ್ತಿರಲಿಲ್ಲ. ಮುಂದಿನ ಶಿವರಾತ್ರಿಗೆ ಇಡೀ ಹಿತ್ತಲಿಗೆ ಶೀಟು ಹಾಸುವ ಅಗತ್ಯವಿಲ್ಲ, ಆ ಮೂಲೆಗೆ ಹತ್ತಡಿ ಚೌಕ ಸಾಕು. ನಲ್ಲಿಯ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಲು ಪೈಪು ತಂದಿಟ್ಟಿದ್ದೇನೆ. ಕುಂಟೆಗೆ ಮೂರು ಇಂಚಿನ ಇನ್ನೊಂದು ಅಲಗು ಕುಲುಮೆಯಲ್ಲಿ ತಯಾರಾಗುತ್ತಿದೆ, ಈರುಳ್ಳಿ ಸಾಲುಗಳ ನಡುವೆ ಹಾಯಿಸಲು.